ಏಳರ ನಂತರ ಏಳು

ಉಳ್ಳಾಲದ ಕಪ್ಪು ಹೊಯಿಗೆ, ಮೂರು ಗೋಣಿ,
ಬಸ್ಸಿನ ಟಾಪಿನಲ್ಲಿ ತಂದವ ನಾನು. ಎಪ್ಪತ್ತೊಂದನೆಯ ಇಸವಿ.
ಕಂಡಕ್ಟರ ಕೇಳಿದ: ಎಂತ, ಮನೆ ಕಟ್ಟಿಸುವುದಾ?
ಅಲ್ಲ ಮಾರಾಯ, ಇದರೊಳಗೆ ಎಂತದೋ ಟಿಕ್ ಟಿಕ್ ಅಂತದಂತೆ,
ನಮ್ಮ ಬಾಯಮ್ಮನಿಗೆ ಅದನ್ನು ಕೇಳಬೇಕಂತೆ.

ಡಾಕ್ಟರ್ ಸೆವ್ರಿನ್ ತಾವ್ರೊ. ಮದ್ದು ಕೊಡದ ಡಾಕ್ಟರು.
ಜೆಪ್ಪುವಿನ ಕಾಲೇಜಿನ ಹಿಂಬದಿ ಹಂಚಿನ ಮಾಡಿನ ಕೋಣೆ,
ಸೀಸದ ಪೆಟ್ಟಿಗೆ, ಒಂದು ಕೊಳವೆ, ಒಂದು ಗಡಿಯಾರ,
ಎಣಿಸಲಿಕ್ಕೆ ನಾನು, ಐತಪ್ಪ, ಆರನೇ ಕ್ಲಾಸು.

ನಿಮಿಷಕ್ಕೆ ಒಂದು ಸಂಖ್ಯೆ, ರಾತ್ರಿಯಿಡೀ.
ಒಂಜಿ, ರಡ್ಡ್, ಮೂಜಿ, ಬಾಯೊಳಗೆ ತುಳು;
ಪುಸ್ತಕದಲ್ಲಿ ಇಂಗ್ಲಿಷು ಅಂಕೆ.

ಆಟಿ ತಿಂಗಳ ಒಂದು ರಾತ್ರಿ ನಿದ್ದೆ ಬಂತು.
ಎಚ್ಚರಾಗುವಾಗ ನಾಲ್ಕು ಗಂಟೆ, ಒಂದಿಡೀ ಪುಟ ಬಿಳಿ.
ಪೆನ್ಸಿಲು ನೆಕ್ಕಿ ತುಂಬಿಸಿದೆ:
ಹನ್ನೆರಡು, ಒಂಬತ್ತು, ಹದಿಮೂರು, ಹತ್ತು, ಹನ್ನೊಂದು, ಎಂಟು,
ಚಂದಕ್ಕೆ, ಮದುವೆಯ ಪಂಕ್ತಿಗೆ ಎಲೆ ಹಾಕಿದ ಹಾಗೆ.

ಬೆಳಿಗ್ಗೆ ಬಾಯಮ್ಮ ಆ ಪುಟದ ಮೇಲೆ ಬೆರಳಿಟ್ಟು ನಿಂತರು.
ಚಹಾ ಆರಿತು.
ಪುಟ ತಿರುವಿದರು. ಮಾತಿಲ್ಲ.
ಆ ತಿರುವಿದ ಶಬ್ದ ನನಗೆ ಹತ್ತೊಂಬತ್ತು ವರ್ಷ ಕೇಳಿತು.

ಆಮೇಲೆ ಹೊಯಿಗೆ ಬಿಟ್ಟು ನೊಣ ಹಿಡಿದರು.
ಕಲಿತದ್ದೊಂದು, ಮಾಡುವುದು ಇನ್ನೊಂದಾ ಎಂದು ಸ್ಟಾಫ್ ರೂಮು ನಕ್ಕಿತು.
ಟಿಕ್ ಅಂದದ್ದು ಜೀವದೊಳಗೆ ಹೊಕ್ಕರೆ
ತನ್ನ ಹೆಸರು ಎಲ್ಲಿ ಬರೆದಿಡುತ್ತದೆ, ನೋಡುವ, ಎಂದರು.
ಹಾಲಿನ ಬಾಟಲಿ ತೊಳೆದೆ, ಬೆಲ್ಲ ಕುದಿಸಿದೆ, ಕದಳಿ ಹಣ್ಣು ಕಿವುಚಿದೆ.
ಈಥರಿನ ವಾಸನೆಗೆ ಅನ್ನ ಸೇರದೆ ಹೋದ ವರ್ಷಗಳು.
ಕುಂಚದ ತುದಿಯಲ್ಲಿ ಕೆಂಪು ಕಣ್ಣು ಈಚೆ, ಬಿಳಿ ಕಣ್ಣು ಆಚೆ,
ಒಂದೇ ಒಂದು ನೊಣ ತಪ್ಪಲು ಬಿಟ್ಟವನಲ್ಲ.
ನಾಲ್ಕು ಸಾವಿರದ ಮುನ್ನೂರ ಹದಿನೇಳರಲ್ಲಿ ಬಿಳಿ ಎರಡು.
ಇನ್ನೊಮ್ಮೆ ಎಣಿಸ್ತೇನೆ ಎಂದೆ.
ಬೇಡ ಐತಪ್ಪ, ನಿನ್ನ ಲೆಕ್ಕದ ಮೇಲೆ ನನಗೆ ನಂಬಿಕೆ ಉಂಟು.
ಆ 'ಉಂಟು' ಗಂಟಲಲ್ಲಿ ಬಂಗುಡೆಯ ಮುಳ್ಳು.

ಐವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿನಿ. ಈ ಸಲ ಮನಸ್ಸು.
ತೊಳೆಯಲಿಕ್ಕೆ ಏನೂ ಇಲ್ಲದ ಲ್ಯಾಬು:
ಒಂದು ಮೇಜು, ಎರಡು ಕುರ್ಚಿ, ಒಂದು ಸ್ಟಾಪ್‌ವಾಚು.
ಬಂದರಿನ ಮೀನಿನ ಹೆಂಗಸರು, ಬ್ಯಾಂಕಿನ ಕ್ಯಾಷಿಯರು,
ಕುದ್ರೋಳಿಯ ಬ್ಯಾರಿ ಮಕ್ಕಳು ಕೂತು ಎದ್ದು ಹೋದರು.
ಒಂದು ಮಧ್ಯಾಹ್ನ ನನ್ನನ್ನೇ ಕೂರಿಸಿದರು.
ನೂರು ಸಂಖ್ಯೆ ಹೇಳು, ಬಾಯಿಗೆ ಬಂದದ್ದು, ಕ್ರಮ ಬೇಡ.
ಹೇಳಿದೆ. ಬರೆದುಕೊಂಡರು.
ಆಮೇಲೆ ಕಪಾಟಿನಿಂದ ಆ ಹಳೆ ಪುಸ್ತಕ, ಆ ಪುಟ,
ಗೆದ್ದಲು ಅಂಚು ತಿಂದು ನಡುವನ್ನು ಬಿಟ್ಟ ಪುಟ.

ನೋಡು, ಹೊಯಿಗೆಗೆ ಏಳರ ನಂತರ ಏಳು ಹೇಳಲು ನಾಚಿಕೆಯಿಲ್ಲ,
ಇನ್ನೊಂದು ಏಳೂ ಹೇಳೀತು, ಥಟ್ಟನೆ ಇಪ್ಪತ್ತೆರಡು.
ಸುಳ್ಳು ಹೇಳುವಾಗ ಮನುಷ್ಯ ಎಷ್ಟು ಮರ್ಯಾದಸ್ಥ!
ಹೇಳಿದ್ದು ಮತ್ತೆ ಹೇಳಲಾರ, ದೂರ ಹಾರಲಾರ.
ಆ ಬೆಳಿಗ್ಗೆಯೇ ಗೊತ್ತಾಯಿತು. ಪುಟ ಬಿಟ್ಟೆ, ಐತಪ್ಪ.
ಪ್ರಶ್ನೆ ಬಿಡಲಿಕ್ಕೆ ಆಗಲಿಲ್ಲ.

ನಾನು ನನ್ನ ಚಪ್ಪಲಿ ನೋಡಿದೆ.
ತಪ್ಪಾಯಿತು ಎನ್ನಲು ಬಾಯಿ ತೆರೆಯುವಷ್ಟರಲ್ಲಿ
ಪೆನ್ನು ಹಿಡಿದೇ ಕೇಳಿದರು:
ಸುಳ್ಳು ಹುಟ್ಟಿದ್ದು ಯಾವ ಭಾಷೆಯಲ್ಲಿ?

ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.
ಎಣಿಸಿದ್ದೆಲ್ಲ ತುಳು, ಬಾಯಮ್ಮ.
ಆ ಪುಟ ಮಾತ್ರ ಕನ್ನಡ. ಶಾಲೆಯದ್ದು, ಮಾಷ್ಟ್ರ ಎದುರಿಗಿನದ್ದು.

ಅದನ್ನೂ ಬರೆದುಕೊಂಡರು.
ಬೆರಳು ಹಳೆಯ ಅಂಕೆಗಳ ಮೇಲೆ ನಿಧಾನ ಇಳಿಯಿತು,
ನನ್ನ ಪುಟ ದಾಟಿ, ಹೊಯಿಗೆ ಹೇಳಿದ ಪುಟಕ್ಕೆ.
ಸಾತ್, ಎಂದರು ತಮ್ಮಷ್ಟಕ್ಕೆ. ಸಾತ್.
ಇಷ್ಟು ವರ್ಷ ಒಟ್ಟಿಗೆ ಎಣಿಸಿದ್ದೇವೆ,
ಅವರು ಕೊಂಕಣಿಯಲ್ಲಿ ಎಣಿಸುವುದು
ನನಗೆ ಗೊತ್ತಾದದ್ದು ಆ ಮಧ್ಯಾಹ್ನ.